ತಡಬೆ ಇಲ್ಲದ ಹಾದಿ

ಕಾಲ್ನಡಿಗೆಯ ಪ್ರವಾಸ ಬರಹಗಳು ನನ್ನ ಪಿಎಚ್‌ಡಿ ಅಧ್ಯಯನದ ಒಂದು ಭಾಗ. ಪುಸ್ತಕ, ಪತ್ರಿಕೆಗಳ ಪುರವಣಿ, ಜಾಲತಾಣ ಎಂದು ಎಲ್ಲೆಲ್ಲೋ ಚದುರಿಹೋಗಿರುವ ಕನ್ನಡದ ಚಾರಣ ಬರಹಗಳನ್ನು ಒಂದೆಡೆ ಇಟ್ಟುಕೊಂಡು ಓದಿದರೆ ಅವುಗಳ ಹಂದರ ಹೆಚ್ಚುಕಡಿಮೆ ಒಂದೇ ಎಂಬುದು ತಿಳಿಯುತ್ತದೆ. ನಸುಕಿಗೆ ಬಸ್ಸಿಳಿಯುವುದು, ಬುಡದ ಊರಿನ ಹೋಟೆಲಿನಲ್ಲಿ ಇಡ್ಲಿ, ಜಿಗಣೆ, ಏದುಸಿರು, ‘ಇನ್ನೆಷ್ಟು ದೂರ?’ ಎಂಬ ಪ್ರಶ್ನೆ, ಮಂಜು, ಕೊನೆಗೆ ತುದಿ. ತುದಿಯಲ್ಲಿ ನಿಂತವರಿಗೆ ತಾವೆಷ್ಟು ಸಣ್ಣವರು ಎಂಬ ಅರಿವು. ಆ ಅರಿವು ನಿಜವೇ ಇರಬಹುದು. ಆದರೆ ಅದನ್ನು ಪಡೆಯಲು ಮೊದಲು ತುದಿ ಮುಟ್ಟಬೇಕು ಎಂಬ ಷರತ್ತನ್ನು ಈ ಬರಹಗಳು ಸದ್ದಿಲ್ಲದೆ ಹಾಕಿಬಿಡುತ್ತವೆ. ಬೆವರು ಸುರಿಸಿದವರಿಗೆ ಮಾತ್ರ ನೋಟ. ಕಷ್ಟಪಟ್ಟವರಿಗೆ ಮಾತ್ರ ಪ್ರಕೃತಿ.

ಈ ಷರತ್ತಿನ ಬಗ್ಗೆ ನನ್ನನ್ನು ಯೋಚನೆಗೆ ಹಚ್ಚಿದ್ದು ನಮ್ಮ ವಿಭಾಗದ ಗೆಳತಿಯೊಬ್ಬಳ ಮಾತು. ಅವಳು ಮೊಣಕೈ ಊರುಗೋಲುಗಳ ಮೇಲೆ ನಡೆಯುವವಳು. ವಿಭಾಗದಿಂದ ಒಂದು ಬೆಟ್ಟಕ್ಕೆ ಹೋಗುವುದೆಂದು ತೀರ್ಮಾನವಾದಾಗ ಅದರ ಬಗ್ಗೆ ಬಂದಿದ್ದ ಬರಹಗಳನ್ನೆಲ್ಲ ಹುಡುಕಿ ಓದಿದಳು. ವಾಹನ ಎಲ್ಲಿಯವರೆಗೆ ಹೋಗುತ್ತದೆ, ಮೆಟ್ಟಿಲೆಷ್ಟು, ಕೂರಲು ಕಟ್ಟೆ ಇದೆಯೇ, ಕಲ್ಲು ಜಾರುತ್ತದೆಯೇ ಎಂಬುದು ಅವಳಿಗೆ ಬೇಕಿತ್ತು. ಓದಿ ಮುಗಿಸಿ ನನಗೆ ಹೇಳಿದಳು: “ಮಂಜಿನ ಬಗ್ಗೆ ಮೂರು ಪುಟ ಇದೆ ಕಣೋ, ಮೆಟ್ಟಿಲ ಬಗ್ಗೆ ಒಂದು ಸಾಲಿಲ್ಲ.”

ಇದನ್ನು ನಾನು ಒಂದು ಸಾಹಿತ್ಯ ವಿಮರ್ಶೆ ಎಂದೇ ತೆಗೆದುಕೊಂಡಿದ್ದೇನೆ. ಯಾವುದೇ ಕಥನ ಏನನ್ನು ವಿವರಿಸುತ್ತದೆ, ಏನನ್ನು ಹೇಳದೆ ಬಿಡುತ್ತದೆ ಎಂಬುದರಲ್ಲಿ ಅದರ ಓದುಗ ಯಾರು ಎಂಬ ತೀರ್ಮಾನ ಇರುತ್ತದೆ. ಮೆಟ್ಟಿಲನ್ನು ಎಣಿಸದ ಬರಹಕ್ಕೆ ಮೆಟ್ಟಿಲು ಕಾಣಿಸಿಯೇ ಇಲ್ಲ. ಅದನ್ನು ಬರೆದ ಕಾಲಿಗೆ ಅದು ಅಡ್ಡಿಯಾಗಿರಲಿಲ್ಲ, ಅಷ್ಟೆ.

ಬೆಟ್ಟಕ್ಕೆ ಸುಮ್ಮನೆ ಸಂತೋಷಕ್ಕಾಗಿ ಹೋಗುವುದು, ಅದನ್ನು ಬರೆಯುವುದು ನಮ್ಮಲ್ಲಿ ಇಂದು ರೂಢಿಯಲ್ಲಿರುವ ರೀತಿಗೆ ಬಂದದ್ದರಲ್ಲಿ ಇಂಗ್ಲಿಷ್ ರಮ್ಯ ಕವಿಗಳ ಪಾಲಿದೆ. ಬಿ.ಎಂ.ಶ್ರೀ. ಅವರ ‘ಇಂಗ್ಲಿಷ್ ಗೀತಗಳು’ ತೆರೆದ ದಾರಿಯಲ್ಲಿ ಆ ಸಂವೇದನೆ ಕನ್ನಡಕ್ಕೆ ಬಂತು. ಕುವೆಂಪು ಅವರಂತೂ ವರ್ಡ್ಸ್‌ವರ್ತ್‌ನನ್ನು ಮೈಗೂಡಿಸಿಕೊಂಡು ಮಲೆನಾಡನ್ನು ತಮ್ಮದೇ ರೀತಿಯಲ್ಲಿ ಕಂಡರು. ಹಾಗಾಗಿ ಆ ಮೂಲದ ಮನೆಗೇ ಒಮ್ಮೆ ಹೋಗಿ ನೋಡುವುದು ಒಳ್ಳೆಯದು. ಅಲ್ಲಿ ನಮಗೆ ಪಾಠದಲ್ಲಿ ಅಷ್ಟಾಗಿ ಸಿಗದ ಒಬ್ಬ ವ್ಯಕ್ತಿ ಇದ್ದಾಳೆ, ಕವಿಯ ತಂಗಿ ಡೊರೊಥಿ ವರ್ಡ್ಸ್‌ವರ್ತ್.

ಡೊರೊಥಿ ದೊಡ್ಡ ನಡಿಗೆಗಾತಿ. 1818ರ ಅಕ್ಟೋಬರಿನಲ್ಲಿ ಗೆಳತಿ ಮೇರಿ ಬಾರ್ಕರ್ ಜೊತೆ ಇಂಗ್ಲೆಂಡಿನ ಅತಿ ಎತ್ತರದ ಶಿಖರ ಸ್ಕಾಫೆಲ್ ಪೈಕ್ ಹತ್ತಿದಳು. ಅದರ ಎತ್ತರ 978 ಮೀಟರು. ಆ ಅನುಭವವನ್ನು ಪತ್ರವೊಂದರಲ್ಲಿ ಬರೆದಳು. ಅಣ್ಣ ವಿಲಿಯಂ ಸರೋವರ ಪ್ರಾಂತ್ಯದ ಕುರಿತ ತನ್ನ ಕೈಪಿಡಿಯ 1822ರ ಆವೃತ್ತಿಯಲ್ಲಿ ಆ ಬರಹವನ್ನು ಬಳಸಿಕೊಂಡ, ತಂಗಿಯ ಹೆಸರು ಹಾಕಲಿಲ್ಲ. ಸ್ತ್ರೀವಾದಿ ವಿಮರ್ಶೆ ಇದನ್ನು ಸರಿಯಾಗಿಯೇ ಎತ್ತಿ ತೋರಿಸಿದೆ. ನನಗೆ ಇಲ್ಲಿ ಮುಖ್ಯವಾದದ್ದು ಅದರ ಮುಂದಿನ ಭಾಗ. 1829ರಲ್ಲಿ ಡೊರೊಥಿ ತೀವ್ರ ಕಾಯಿಲೆಗೆ ಬಿದ್ದಳು. 1835ರ ಹೊತ್ತಿಗೆ ಹೊರಗಿನ ನಡಿಗೆ ಬಹುಪಾಲು ನಿಂತೇಹೋಯಿತು. 1855ರಲ್ಲಿ ತೀರಿಕೊಳ್ಳುವವರೆಗೆ ಅವಳ ಬದುಕು ರೈಡಲ್ ಮೌಂಟ್ ಮನೆಯ ಕೋಣೆ, ಗಾಲಿಕುರ್ಚಿ ಮತ್ತು ಅದು ಹೋಗುವಷ್ಟು ತೋಟ.

1832ರಲ್ಲಿ ಅವಳು ರೋಗಶಯ್ಯೆಯ ಆಲೋಚನೆಗಳು ಎಂಬರ್ಥದ ಶೀರ್ಷಿಕೆಯ ಒಂದು ಕವಿತೆ ಬರೆದಳು. ಗೆಳೆಯರು ವಸಂತದ ಮೊದಲ ಹೂಗಳನ್ನು ಕೋಣೆಗೆ ತಂದುಕೊಡುತ್ತಾರೆ, ಅವುಗಳ ನೆಪದಲ್ಲಿ ಹಿಂದೆ ನಡೆದಾಡಿದ ನದೀತೀರಗಳು ಮನಸ್ಸಿಗೆ ಬರುತ್ತವೆ. ಮಲಗಿದಲ್ಲಿಂದಲೇ ನಿಸರ್ಗ ದಕ್ಕಿತು ಎಂಬ ಸಮಾಧಾನ ಅದರಲ್ಲಿದೆ. ಈ ಕವಿತೆಯನ್ನು ದೇಹದ ಮೇಲೆ ಮನಸ್ಸಿನ ಗೆಲುವು ಎಂದು ಓದುವುದು ಸುಲಭ. ನನಗೆ ಆ ಓದು ಸಾಲದು ಅನಿಸುತ್ತದೆ. ನೆನಪಿನಲ್ಲಿ ನಡೆಯಲು ಅವಳಿಗೆ ಸಾಧ್ಯವಾದದ್ದು ಕಾಲಿನಲ್ಲಿ ಮೂವತ್ತು ವರ್ಷ ನಡೆದದ್ದರಿಂದ. ಹುಟ್ಟಿನಿಂದಲೋ ಎಳೆತನದ ಪೋಲಿಯೊದಿಂದಲೋ ಬೆಟ್ಟದ ಬುಡದಲ್ಲೇ ಉಳಿದವರಿಗೆ ಆ ನೆನಪಿನ ಗಂಟು ಎಲ್ಲಿಂದ ಬರಬೇಕು? ‘ಮನಸ್ಸಿದ್ದರೆ ಕೂತಲ್ಲೇ ಪ್ರಕೃತಿ’ ಎಂಬ ಸಾಂತ್ವನವನ್ನು ಅವರಿಗೆ ಹೇಳುವವರು ತಾವು ಮಾತ್ರ ಕೂತಲ್ಲೇ ಕೂತಿರುವುದಿಲ್ಲ.

ವಿಶೇಷವೆಂದರೆ, ಅದೇ ಸರೋವರ ಪ್ರಾಂತ್ಯದಲ್ಲಿ ಇಂದು ‘ಮೈಲ್ಸ್ ವಿದೌಟ್ ಸ್ಟೈಲ್ಸ್’ ಎಂಬ ಹೆಸರಿನ ಹಾದಿಗಳಿವೆ. ರಾಷ್ಟ್ರೀಯ ಉದ್ಯಾನದ ಆಡಳಿತವೇ ಅವನ್ನು ಗುರುತಿಸಿ, ಎಲ್ಲರಿಗೂ, ಹಲವರಿಗೆ, ಕೆಲವರಿಗೆ ಎಂದು ಮೂರು ದರ್ಜೆಗಳಲ್ಲಿ ವಿಂಗಡಿಸಿದೆ. ಗಾಲಿಕುರ್ಚಿಯವರು, ಊರುಗೋಲಿನವರು, ಮಗುವಿನ ತಳ್ಳುಗಾಡಿ ತರುವವರು ಮನೆಯಲ್ಲೇ ನೋಡಿ ತೀರ್ಮಾನಿಸಿ ಹೊರಡಬಹುದು. ಇಲ್ಲಿ ‘ಸ್ಟೈಲ್’ ಎಂದರೆ ಮಲೆನಾಡಿನವರ ತಡಬೆ. ಬೇಲಿ ದಾಟಲು ಇಟ್ಟಿರುವ ಕಲ್ಲಿನದೋ ಮರದ್ದೋ ಮೆಟ್ಟಿಲು. ದನಕರು ದಾಟಬಾರದು, ಮನುಷ್ಯರು ದಾಟಬೇಕು ಎಂಬುದು ಅದರ ತರ್ಕ. ಯೋಚಿಸಿದರೆ ಈ ಸಣ್ಣ ಸಾಧನ ಮನುಷ್ಯ ಎಂದರೆ ಯಾರು ಎಂದೂ ಹೇಳುತ್ತದೆ: ಕಾಲೆತ್ತಿ ಆಚೆ ಇಡಬಲ್ಲವನು ಮನುಷ್ಯ. ಇಡಲಾಗದವರು ದನದ ಜೊತೆ ಈಚೆ ಉಳಿಯುತ್ತಾರೆ. ತಡಬೆ ತೆಗೆದು ಅಲ್ಲೊಂದು ಗೇಟು ಇಟ್ಟರೆ ದನವೂ ದಾಟುವುದಿಲ್ಲ, ಗಾಲಿಯೂ ನಿಲ್ಲುವುದಿಲ್ಲ. ಬೆಟ್ಟಕ್ಕೆ ಏನೂ ಆಗುವುದಿಲ್ಲ.

ನಮ್ಮ ಚಾರಣ ಬರಹದಲ್ಲಿ ಅಂಗವಿಕಲರು ಬರುವುದೇ ಇಲ್ಲ ಎಂದಲ್ಲ. ಬರುತ್ತಾರೆ, ಒಂದೇ ಪಾತ್ರದಲ್ಲಿ. ಅದು ಸಾಧಕರ ಪಾತ್ರ. ಅರುಣಿಮಾ ಸಿನ್ಹಾ 2013ರ ಮೇ 21ರಂದು ಕೃತಕ ಕಾಲಿನೊಂದಿಗೆ ಎವರೆಸ್ಟ್ ಏರಿದರು. ಎರಡೂ ಕಾಲುಗಳನ್ನು ಮಂಡಿಯ ಮೇಲ್ಭಾಗದಿಂದ ಕಳೆದುಕೊಂಡಿದ್ದ ಹರಿ ಬುಢಾ ಮಗರ್ 2023ರ ಮೇ ತಿಂಗಳಲ್ಲಿ ಏರಿದರು. ಅವರು ಏರುವ ಮೊದಲು, 2017ರ ಕೊನೆಯಲ್ಲಿ, ಎರಡು ಕಾಲಿಲ್ಲದವರು ಮತ್ತು ಅಂಧರು ಎವರೆಸ್ಟ್ ಏರುವಂತಿಲ್ಲ ಎಂದು ನೇಪಾಳ ಸರ್ಕಾರ ನಿಯಮ ಮಾಡಿತ್ತು. ಅಲ್ಲಿನ ಸುಪ್ರೀಂ ಕೋರ್ಟ್ 2018ರಲ್ಲಿ ಅದಕ್ಕೆ ತಡೆ ನೀಡಿತು. ಈ ಸಾಧನೆಗಳು ದೊಡ್ಡವು, ಅನುಮಾನವಿಲ್ಲ. ಆದರೆ ಸುದ್ದಿಯಲ್ಲಿ ಉಳಿದದ್ದು ಛಲ. ನಿಯಮ, ನ್ಯಾಯಾಲಯ, ಶೆರ್ಪಾಗಳ ದುಡಿಮೆ, ಹಣ ಎಲ್ಲ ಹಿಂದೆ ಸರಿದವು. ಛಲದ ಕಥೆ ಓದಿದವರಿಗೆ ಒಂದು ಅನುಕೂಲವಿದೆ. ಅದು ಅವರಿಂದ ಏನನ್ನೂ ಕೇಳುವುದಿಲ್ಲ. ‘ಅವರು ಎವರೆಸ್ಟೇ ಹತ್ತಿದರು, ನಿನಗೆ ಈ ಗುಡ್ಡ ಆಗದೇ?’ ಎಂದು ಕೇಳುವ ಅವಕಾಶವನ್ನೂ ಕೊಡುತ್ತದೆ. ಆಸ್ಟ್ರೇಲಿಯಾದ ಸ್ಟೆಲ್ಲಾ ಯಂಗ್ ತಾವೇ ಗಾಲಿಕುರ್ಚಿಯಲ್ಲಿದ್ದುಕೊಂಡು ಈ ಸ್ಫೂರ್ತಿಯ ವ್ಯಾಪಾರವನ್ನು ಕಟುವಾಗಿ ಟೀಕಿಸಿದ್ದರು. ಎಷ್ಟು ಮುಗುಳ್ನಕ್ಕರೂ ಮೆಟ್ಟಿಲು ಇಳಿಜಾರಾಗಿ ಬದಲಾಗುವುದಿಲ್ಲ ಎಂಬುದು ಅವರ ವಾದದ ತಿರುಳು.

ನಮ್ಮ ಭಾಷೆಯ ಪದಗಳೂ ಇದೇ ಕೆಲಸ ಮಾಡುತ್ತಿವೆ. ‘ಅಂಗವಿಕಲ’ ಸರಿಯಲ್ಲವೆಂದು ಸರ್ಕಾರಿ ಕನ್ನಡ ‘ವಿಕಲಚೇತನ’ ಎಂದಿತು. ಬಿಡಿಸಿ ಓದಿದರೆ ಚೇತನವೇ ವಿಕಲವಾದವರು ಎಂದಾಗುತ್ತದೆ, ಮೊದಲಿನದಕ್ಕಿಂತ ಕಡೆ. ಆಮೇಲೆ ದೆಹಲಿಯಿಂದ ‘ದಿವ್ಯಾಂಗ’ ಬಂದು ಅವರನ್ನು ದೈವತ್ವಕ್ಕೆ ಏರಿಸಿತು. ಮೂರು ಪದಗಳೂ ನೋಡುತ್ತಿರುವುದು ವ್ಯಕ್ತಿಯನ್ನು. ಒಂದೂ ಮೆಟ್ಟಿಲ ಕಡೆ ನೋಡುವುದಿಲ್ಲ. 2011ರ ಜನಗಣತಿಯ ಪ್ರಕಾರ ದೇಶದಲ್ಲಿ 2.68 ಕೋಟಿ ಅಂಗವಿಕಲರಿದ್ದಾರೆ, ಅವರಲ್ಲಿ ಸುಮಾರು 54 ಲಕ್ಷ ಜನರದ್ದು ಚಲನೆಗೆ ಸಂಬಂಧಿಸಿದ ತೊಂದರೆ. ಇಷ್ಟು ಜನರಲ್ಲಿ ಸುದ್ದಿಯಾಗುವ ಸಾಧಕರು ಬೆರಳೆಣಿಕೆಯವರು. ಉಳಿದವರಿಗೆ ಬೇಕಾದದ್ದು ಒಂದು ಭಾನುವಾರದ ಬೆಟ್ಟ.

ಇದಕ್ಕೆ ಬರುವ ಆಕ್ಷೇಪವನ್ನು ನಾನು ಹಗುರವಾಗಿ ನೋಡುವುದಿಲ್ಲ. ಎಲ್ಲ ಕಡೆ ಕಾಂಕ್ರೀಟು ಸುರಿದರೆ ಕಾಡು ಉಳಿಯುವುದೇ ಎಂದು ಪರಿಸರವನ್ನು ಪ್ರೀತಿಸುವವರು ಕೇಳುತ್ತಾರೆ. ಕುಮಾರಪರ್ವತದ ತುದಿಗೆ ರ‍್ಯಾಂಪು ಕಟ್ಟಿ ಎಂದು ಯಾರೂ ಕೇಳುತ್ತಿಲ್ಲ. ಆದರೆ ರಾಜ್ಯದ ಅತಿ ಎತ್ತರದ ಶಿಖರವಾದ ಮುಳ್ಳಯ್ಯನಗಿರಿಯ ನೆತ್ತಿಯ ಹತ್ತಿರದವರೆಗೆ ಕಾರಿಗೆ ರಸ್ತೆ ಇದೆ, ಚಾಮುಂಡಿ ಬೆಟ್ಟಕ್ಕೆ ಬಸ್ಸೇ ಹೋಗುತ್ತದೆ. ಕಾರಿಗಾಗಿ ಬೆಟ್ಟ ಕಡಿದಾಗ ನಾವು ಅದನ್ನು ಸೌಲಭ್ಯ ಎಂದೆವು. ಕಾರು ನಿಲ್ಲುವ ಜಾಗದಿಂದ ಮುಂದಿನ ಇನ್ನೂರು ಮೀಟರಿಗೆ ಗಾಲಿಕುರ್ಚಿ ಉರುಳುವಂಥ ಗಟ್ಟಿ ಮಣ್ಣಿನ ಹಾದಿ ಕೇಳಿದಾಗ ಮಾತ್ರ ಕಾಡಿನ ನೆನಪಾಗುತ್ತದೆ.

ಗಟ್ಟಿ ಹಾದಿ ಎಂದರೆ ಕಾಂಕ್ರೀಟೇ ಆಗಬೇಕಿಲ್ಲ. ಅಮೆರಿಕದ ಸಂಯುಕ್ತ ಸರ್ಕಾರದ ಹಾದಿಗಳಿಗೆ 2013ರಲ್ಲಿ ರೂಪಿಸಿದ ಮಾರ್ಗಸೂಚಿ ಕೇಳುವುದು ಗಟ್ಟಿಯಾದ, ಸಡಿಲವಾಗದ ನೆಲವನ್ನು. ಇಪ್ಪತ್ತಡಿಗೆ ಒಂದಡಿ ಏರುವ ಹಾದಿ ಎಷ್ಟು ಉದ್ದವಾದರೂ ಇರಬಹುದು. ಹನ್ನೆರಡಕ್ಕೆ ಒಂದರ ಏರು 200 ಅಡಿ ಮೀರಬಾರದು, ಆಮೇಲೆ ನಿಂತು ದಣಿವಾರಿಸಿಕೊಳ್ಳಲು ಸಮತಟ್ಟು ಜಾಗ ಬೇಕು. ನನಗೆ ಹೆಚ್ಚು ಇಷ್ಟವಾದ ನಿಯಮ ಬೇರೆ. ಹಾದಿಯ ಆರಂಭದ ಫಲಕದಲ್ಲಿ ಅದರ ಉದ್ದ, ನೆಲದ ಬಗೆ, ಸಾಮಾನ್ಯ ಅಗಲ ಮತ್ತು ಅತಿ ಕಿರಿದಾದ ಜಾಗದ ಅಗಲ, ಸಾಮಾನ್ಯ ಏರು ಮತ್ತು ಅತಿ ಕಡಿದಾದ ಏರು ಇಷ್ಟನ್ನು ಬರೆಯಬೇಕು. ‘ನಿಮ್ಮಿಂದ ಆಗುವುದಿಲ್ಲ’ ಎಂದು ಆ ಫಲಕ ಹೇಳುವುದಿಲ್ಲ. ವಿವರ ಕೊಟ್ಟು ನಿರ್ಧಾರವನ್ನು ಓದುಗರಿಗೆ ಬಿಡುತ್ತದೆ. ಒಳ್ಳೆಯ ಗದ್ಯ ಮಾಡುವುದೂ ಇದನ್ನೇ.

ಇನ್ನೊಂದು ಕಷ್ಟದ ಪ್ರಶ್ನೆಯಿದೆ. ಬೆಟ್ಟಕ್ಕೆ ಹೋಗಲಾರದವರನ್ನು ಕರೆದೊಯ್ಯುವ ಪದ್ಧತಿ ನಮ್ಮಲ್ಲಿ ಹಳೆಯದೇ. ಶ್ರವಣಬೆಳಗೊಳದ ವಿಂಧ್ಯಗಿರಿಯ ಆರುನೂರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ವೃದ್ಧರು ಡೋಲಿಯಲ್ಲಿ ಕೂತು ಏರುತ್ತಾರೆ. ಭಕ್ತಿಯ ಬೆಟ್ಟ ಯಾರನ್ನೂ ‘ನೀನು ಅರ್ಹನಲ್ಲ’ ಎಂದು ಕಳಿಸಲಿಲ್ಲ, ಹೊತ್ತುಕೊಂಡಾದರೂ ಹೋಯಿತು. ಆದರೆ ಹೊರುವ ಹೆಗಲು ಯಾರದು? ‘ಮಲೆಗಳಲ್ಲಿ ಮದುಮಗಳು’ ಕಾದಂಬರಿಯಲ್ಲಿ ನಾಯಿಗುತ್ತಿ ತನ್ನ ಹುಲಿಯನ ಜೊತೆ ಕಾಡುಗುಡ್ಡ ಅಲೆಯುವುದು ನೋಟ ಸವಿಯಲೆಂದಲ್ಲ, ಅವನು ಜೀತದ ಆಳು. ಮಲೆನಾಡಿನಲ್ಲಿ ನಡಿಗೆ ಬಹಳ ಕಾಲ ಬಡವರ ದುಡಿಮೆಯಾಗಿತ್ತು, ಅನುಕೂಲಸ್ಥರಿಗೆ ಗಾಡಿ ಇತ್ತು. ಒಬ್ಬರ ಬಿಡುಗಡೆ ಇನ್ನೊಬ್ಬರ ಬೆನ್ನಿನ ಮೇಲೆ ನಿಲ್ಲಬೇಕೇ ಎಂಬುದು ಡೋಲಿ ಎತ್ತುವ ಪ್ರಶ್ನೆ.

ಇದಕ್ಕೆ ಒಂದು ಉತ್ತರದ ಸುಳಿವು ಫ್ರಾನ್ಸಿನಲ್ಲಿದೆ. 1987ರಲ್ಲಿ ಜೋಯೆಲ್ ಕ್ಲೋಡೆಲ್ ಎಂಬ ಬೆಟ್ಟದ ಮಾರ್ಗದರ್ಶಿ, ಸ್ನಾಯುಕ್ಷಯವಿದ್ದ ತನ್ನ ಸೋದರ ಸಂಬಂಧಿ ಹುಡುಗನನ್ನು ಚಾರಣಕ್ಕೆ ಕರೆದೊಯ್ಯಲು ಒಂಟಿ ಚಕ್ರದ ಕುರ್ಚಿಯೊಂದನ್ನು ಮಾಡಿದ. ಅದಕ್ಕೆ ‘ಜೋಯ್ಲೆಟ್’ ಎಂದು ಹೆಸರು. ಮುಂದೊಬ್ಬರು, ಹಿಂದೊಬ್ಬರು ಹಿಡಿಯುತ್ತಾರೆ. ಭಾರ ಬಹುಪಾಲು ಚಕ್ರದ ಮೇಲೆ, ಕಿರಿದಾದ ಕಾಲುಹಾದಿಯೂ ಸಾಕು. ಡೋಲಿಗೂ ಇದಕ್ಕೂ ಇರುವ ವ್ಯತ್ಯಾಸ ಚಕ್ರದ್ದಷ್ಟೇ ಅಲ್ಲ. ಇಲ್ಲಿ ಹಿಡಿಯುವವರೂ ಚಾರಣಕ್ಕೆಂದೇ ಬಂದವರು. ಮೂವರೂ ಒಂದೇ ಬೆಟ್ಟ ನೋಡಿ ಒಟ್ಟಿಗೆ ಇಳಿಯುತ್ತಾರೆ.

ಇದನ್ನು ಓದುವಾಗ ನನಗೆ ನೆನಪಾದದ್ದು ತೇಜಸ್ವಿಯವರ ‘ಕರ್ವಾಲೊ’. 1980ರ ಆ ಕಾದಂಬರಿ ಕನ್ನಡದ ಅತ್ಯುತ್ತಮ ಚಾರಣ ಕಥನವೂ ಹೌದು ಎಂದು ನನ್ನ ಭಾವನೆ. ಅಲ್ಲಿ ವಿಜ್ಞಾನಿ ಇದ್ದಾನೆ, ಅಡಿಗೆಯ ಬಿರಿಯಾನಿ ಕರಿಯಪ್ಪ ಇದ್ದಾನೆ, ಊರವರ ಲೆಕ್ಕದಲ್ಲಿ ಕೆಲಸಕ್ಕೆ ಬಾರದ ಮಂದಣ್ಣನಿದ್ದಾನೆ, ಕಿವಿ ಎಂಬ ನಾಯಿಯಿದೆ. ಯಾರೊಬ್ಬರಿಂದಲೂ ಒಂಟಿಯಾಗಿ ಆ ಕಾಡು ಹೊಕ್ಕು ಹಾರುವ ಓತಿಯನ್ನು ಕಾಣಲು ಆಗುತ್ತಿರಲಿಲ್ಲ. ಊರಿನಲ್ಲಿ ದಡ್ಡನೆನಿಸಿದವನ ಕಣ್ಣೇ ಕಾಡಿನಲ್ಲಿ ಎಲ್ಲರ ಕಣ್ಣಾಗುತ್ತದೆ. ಸಾಮರ್ಥ್ಯವೆಂಬುದು ಒಬ್ಬನ ಮೈಯಲ್ಲಿ ಅಡಗಿಕೊಂಡ ಗುಣವಲ್ಲ, ಜಾಗ ಮತ್ತು ಜೊತೆ ಬದಲಾದರೆ ಅದೂ ಬದಲಾಗುತ್ತದೆ ಎಂಬುದನ್ನು ಕಾದಂಬರಿ ಎಲ್ಲೂ ಭಾಷಣ ಮಾಡದೆ ತೋರಿಸುತ್ತದೆ. ಕೊನೆಯಲ್ಲಿ ಓತಿ ಕೈಗೆ ಸಿಗದೆ ಕಮರಿಯತ್ತ ತೇಲಿಹೋಗುತ್ತದೆ. ತುದಿಯಲ್ಲಿ ಯಾರೂ ಬಾವುಟ ನೆಡುವುದಿಲ್ಲ. ನಮ್ಮ ಚಾರಣ ಬರಹ ತೇಜಸ್ವಿಯವರ ಮಂಜು, ಜಿಗಣೆ, ಹಾಸ್ಯಗಳನ್ನು ತೆಗೆದುಕೊಂಡಿತು. ಈ ಗುಂಪನ್ನು ಬಿಟ್ಟುಬಂದಿತು.

ಕಾನೂನು ಸಾಹಿತ್ಯಕ್ಕಿಂತ ಮುಂದಿದೆ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯ 29ನೇ ಸೆಕ್ಷನ್ ಹೊರಾಂಗಣ ಶಿಬಿರ ಮತ್ತು ಸಾಹಸ ಚಟುವಟಿಕೆಗಳಲ್ಲಿ ಭಾಗವಹಿಸಲು ಅನುವು ಮಾಡಿಕೊಡುವುದನ್ನು ಹೆಸರಿಸಿ ಹೇಳುತ್ತದೆ. 2024ರ ನವೆಂಬರಿನಲ್ಲಿ ರಾಜೀವ್ ರತೂರಿ ಪ್ರಕರಣದ ತೀರ್ಪಿನಲ್ಲಿ ಸುಪ್ರೀಂ ಕೋರ್ಟ್, ಪ್ರವೇಶ ಸೌಲಭ್ಯದ ಮಾನದಂಡಗಳು ಬರೀ ಸಲಹೆಗಳಾಗಿ ಉಳಿಯಬಾರದು, ಕಡ್ಡಾಯ ನಿಯಮಗಳಾಗಬೇಕು ಎಂದಿತು. ನಮ್ಮ ರಾಜ್ಯದಲ್ಲಿ ಹಲವು ಚಾರಣ ಹಾದಿಗಳಿಗೆ ಈಗ ಆನ್‌ಲೈನಿನಲ್ಲೇ ಮುಂಗಡ ಟಿಕೆಟ್ ಪಡೆಯಬೇಕು. ದಿನಕ್ಕೆ ಎಷ್ಟು ಜನ ಎಂದು ಎಣಿಸಬಲ್ಲ ವ್ಯವಸ್ಥೆಗೆ ಹಾದಿಯ ಏರು ಎಷ್ಟು, ಮೆಟ್ಟಿಲೆಷ್ಟು ಎಂದು ಅದೇ ಪುಟದಲ್ಲಿ ಬರೆಯುವುದು ದೊಡ್ಡ ಕೆಲಸವೇನಲ್ಲ.

ಹಾಗೆ ಬರೆಯುವುದು ಇಲಾಖೆಯ ಕೆಲಸ ಮಾತ್ರವೂ ಅಲ್ಲ. ಮುಂದಿನ ವಾರ ಬೆಟ್ಟ ಹತ್ತಿ ಬಂದು ಬರೆಯಲು ಕೂರುವ ಗೆಳೆಯರಲ್ಲಿ ನನ್ನದೊಂದು ಕೋರಿಕೆ. ಮಂಜು ಇರಲಿ, ಜಿಗಣೆಯೂ ಇರಲಿ. ಅದರ ಜೊತೆಗೆ ವಾಹನ ಎಲ್ಲಿ ನಿಂತಿತು, ಅಲ್ಲಿಂದ ಮೊದಲ ಅರ್ಧ ಕಿಲೋಮೀಟರು ಹೇಗಿತ್ತು, ಎಲ್ಲಿಂದ ಮೆಟ್ಟಿಲು ಶುರುವಾಯಿತು, ಅವು ಎಷ್ಟು, ಹಿಡಿಯಲು ಕಂಬಿ ಇತ್ತೇ, ಮೆಟ್ಟಿಲಿಗಿಂತ ಮೊದಲು ಕೂತು ಕಣಿವೆ ನೋಡಲು ಒಂದು ಜಾಗ ಇತ್ತೇ ಎಂದು ಒಂದು ಪ್ಯಾರಾ ಬರೆಯಿರಿ. ಅದನ್ನು ಓದಿ ಯಾರೋ ಒಬ್ಬರು ಮೆಟ್ಟಿಲವರೆಗೆ ಹೋಗಿ ಬರೋಣ ಎಂದು ಮನೆಯವರನ್ನು ಕೇಳಬಹುದು. ಮೆಟ್ಟಿಲವರೆಗಿನದೂ ಬೆಟ್ಟವೇ.