ಮುಪ್ಪಿನ ವಚನದಲ್ಲಿ ಹಂಗಿನ ಮಾತು

ನರೆ, ಸುಕ್ಕು, ಉದುರುವ ಹಲ್ಲು, ಬಾಗುವ ಬೆನ್ನು, ಊರುಗೋಲು ಇವನ್ನು ಒಂದರ ಹಿಂದೊಂದಾಗಿ ಎಣಿಸಿ, ಇವು ಬರುವುದಕ್ಕೆ ಮೊದಲೇ ದೇವರನ್ನು ಪೂಜಿಸೆಂದು ಎಚ್ಚರಿಸುವ ಬಸವಣ್ಣನವರ ವಚನವನ್ನು ಅರಿಯದ ಕನ್ನಡ ಅಧ್ಯಾಪಕರು ವಿರಳ. ಅವರು ಬಿಜ್ಜಳನ ಕರಣಿಕರಾಗಿ ಸೇವೆಗೆ ತೊಡಗಿದರೆಂದು ಪರಂಪರೆ ಹೇಳುವ ಮಂಗಳವೇಢೆ ಇಂದು ಸೊಲ್ಲಾಪುರ ಜಿಲ್ಲೆಯಲ್ಲಿದೆ. ಗಡಿನಾಡಿನವರಾದ ನಮಗೆ ಈ ವಚನ ದೂರದ್ದೇನೂ ಅಲ್ಲ.

ತರಗತಿಯಲ್ಲಿ ಇದರ ಸಾರಾಂಶವನ್ನು 'ಯೌವನದಲ್ಲಿಯೇ ಭಕ್ತಿಮಾಡು' ಎಂದು ಬರೆಯಿಸುವುದು ವಾಡಿಕೆ. ಇದು ತಪ್ಪಲ್ಲ, ಆದರೆ ಸಾಲದು. ಹೀಗೆ ಓದಿದಾಗ ಮುದುಕರು ಬರಿಯ ಬೆದರುಬೊಂಬೆಗಳಾಗುತ್ತಾರೆ. ಮನೆಯಲ್ಲಿ ಕೋಲೂರಿ ನಡೆಯುವ ಅಜ್ಜಿಯಿರುವ ಹುಡುಗನು ಈ ಪಾಠದಿಂದ ಏನನ್ನು ಕೊಂಡೊಯ್ಯುತ್ತಾನೆ?

ಬೈಬಲ್ಲಿನ 'ಪ್ರಸಂಗಿ'ಯ 12ನೆಯ ಅಧ್ಯಾಯವೂ ಇದೇ ಮಾತನ್ನು ಆಡುತ್ತದೆ: ಕಷ್ಟದ ದಿನಗಳು ಬರುವ ಮೊದಲೇ ಸೃಷ್ಟಿಕರ್ತನನ್ನು ನೆನೆ. ಅಲ್ಲಿ ದೇಹವೊಂದು ಮನೆ. ನಡುಗುವ ಕಾವಲುಗಾರರು ಕೈಗಳು, ಕಡಿಮೆಯಾದ ಬೀಸುವವರು ಹಲ್ಲುಗಳು, ಬಾದಾಮಿಯ ಹೂವು ನರೆಗೂದಲು ಎಂದು ವ್ಯಾಖ್ಯಾನಕಾರರು ಬಿಡಿಸುತ್ತಾರೆ. ಬಸವಣ್ಣನವರಾದರೋ ರೂಪಕದ ಮರೆಯನ್ನು ಬಹುಮಟ್ಟಿಗೆ ಬಿಟ್ಟು, ಕಂಡುದನ್ನು ಕಂಡಂತೆ ಹೇಳುತ್ತಾರೆ. ಅವರ ನೋಟ ದಿಟವಾದುದು. ಕೂದಲ ಬೇರಿನಲ್ಲಿ ಬಣ್ಣ ಕೊಡುವ ಕಣಗಳು ಕುಂದುವುದರಿಂದ ನರೆ ಬರುತ್ತದೆ. ಸುಮಾರು 30ರ ವಯಸ್ಸಿಗೆ ಪೂರ್ಣ ಬಲಕ್ಕೆ ಬಂದ ಮೂಳೆ ಆಮೇಲೆ ಮೆಲ್ಲಮೆಲ್ಲನೆ ಸವೆಯುತ್ತದೆ. ಹೆಂಗಸರಲ್ಲಿ ಮುಟ್ಟು ನಿಂತ ಬಳಿಕ ಈ ಸವೆತ ತ್ವರೆಗೊಳ್ಳುತ್ತದೆ. ಟೊಳ್ಳಾದ ಬೆನ್ನೆಲುಬಿನ ಮಣಿಗಳು ಕುಸಿದಾಗ ಬೆನ್ನು ಬಾಗುತ್ತದೆ.

ಆದರೆ ವಚನದ ಮರ್ಮ ಇಲ್ಲಿಲ್ಲವೆಂದು ನನ್ನ ಅಭಿಪ್ರಾಯ. ಅದರಲ್ಲಿ 'ಮುನ್ನ' ಎಂಬ ಮಾತು ಐದು ಸಲ ಬರುತ್ತದೆ. ನಾಲ್ಕೆಡೆಗಳಲ್ಲಿ ಅದು ದೇಹದ ಸ್ಥಿತಿಯನ್ನೋ ಸಾವನ್ನೋ ಕುರಿತದ್ದು. ಒಂದೆಡೆ ಮಾತ್ರ, ಹಲ್ಲು ಬೆನ್ನುಗಳ ಜೊತೆಯಲ್ಲಿ, 'ಹಂಗು' ಎಂಬ ಶಬ್ದ ನುಸುಳುತ್ತದೆ. ಹಂಗು ದೇಹದ ಲಕ್ಷಣವಲ್ಲ. ಮನುಷ್ಯ ಮನುಷ್ಯರ ನಡುವಣ ಸಂಬಂಧ. ಮುಪ್ಪಿನ ನೋವು ಸುಕ್ಕಿನಲ್ಲಿಲ್ಲ, ಒಂದು ಲೋಟ ನೀರಿಗೂ ಇನ್ನೊಬ್ಬರ ಮುಖ ನೋಡಬೇಕಾಗುವುದರಲ್ಲಿದೆ ಎಂಬುದನ್ನು ಈ ಒಂದು ಶಬ್ದ ತಿಳಿಸುತ್ತದೆ.

ನರೆಯನ್ನು ತಂದದ್ದು ಕಾಲ. ಹಂಗನ್ನು ಹೊರಿಸಿದವರು ನಾವು. 2007ರ ಹಿರಿಯ ನಾಗರಿಕರ ಪೋಷಣೆಯ ಕಾಯಿದೆಯು, ತಮ್ಮ ಗಳಿಕೆ ಆಸ್ತಿಗಳಿಂದ ಬದುಕಲಾರದ 60 ದಾಟಿದವರು ಮಕ್ಕಳಿಂದ ಪೋಷಣೆಯನ್ನು ಕೇಳಬಹುದೆಂದು ವಿಧಿಸಿದೆ. ಹಂಗೆಂದು ಕರೆದುದನ್ನು ಅದು ಹಕ್ಕೆಂದು ಕರೆಯಿತು. ಆದರೆ ಮನೆಯಲ್ಲಿ ಊಟ ಬಡಿಸುವ ಕೈಯ ಭಾವವನ್ನು ಕಾಯಿದೆ ತಿದ್ದಲಾರದು.

ಈ ವಚನಕ್ಕೆ ಒಂದು ಮಿತಿಯೂ ಉಂಟು: 'ಮುನ್ನ' ಎಂಬ ಕಾಲವನ್ನು ಆಗಲೇ ದಾಟಿದವರಿಗೆ ಅದು ಏನನ್ನೂ ಹೇಳುವುದಿಲ್ಲ. ಅವರಿಗಾಗಿ, ಉಳ್ಳವರು ಕಟ್ಟಿಸುವ ಶಿವಾಲಯವನ್ನು ಕುರಿತ ಬಸವಣ್ಣನವರ ಇನ್ನೊಂದು ವಚನವನ್ನು ಜೊತೆಗಿಟ್ಟು ಓದಬೇಕು. ಅಲ್ಲಿ ಬಡವನ ಕಾಲುಗಳೇ ದೇಗುಲದ ಕಂಬಗಳು. ಕಂಬ ನಡುಗಿದ ಮಾತ್ರಕ್ಕೆ ದೇಗುಲವು ದೇಗುಲವಲ್ಲದೆ ಹೋಗುವುದೇ? ಈ ಎರಡು ವಚನಗಳನ್ನೂ ಒಟ್ಟಿಗೆ ಪಾಠಮಾಡಿದರೆ, ಆ ಹುಡುಗನು ಮನೆಗೆ ಹೋಗಿ ಅಜ್ಜಿಯನ್ನು ಬೇರೆ ಕಣ್ಣಿನಿಂದ ನೋಡಿಯಾನು.