ಕನ್ನಡ ಕಾವ್ಯದ ಕೇಶವರ್ಣನೆ ಮತ್ತು ಸಿದ್ದಿ ವಿದ್ಯಾರ್ಥಿನಿಯರು

ಕನ್ನಡದ ಪ್ರೌಢಕಾವ್ಯಗಳಲ್ಲಿ ಸ್ತ್ರೀಯರ ಅಂಗವರ್ಣನೆಗೆ ಮೀಸಲಾದ ಭಾಗಗಳನ್ನು ಪರಿಶೀಲಿಸಿದರೆ, ಅವುಗಳಲ್ಲಿ ಕೇಶಕ್ಕೆ ಸಂದಿರುವ ಸ್ಥಾನವು ಸಾಮಾನ್ಯವಾದುದಲ್ಲವೆಂದು ತಿಳಿಯುವುದು. ತುಂಬಿಗಳ ಹಿಂಡು, ಕಾರ್ಮುಗಿಲು, ನವಿಲ ಸೋಗೆ, ಕಾಳಸರ್ಪ, ಕತ್ತಲೆ ಮೊದಲಾದ ಉಪಮಾನಗಳು ಸಂಸ್ಕೃತದಿಂದ ಬಂದು ನಮ್ಮಲ್ಲಿ ಕವಿಸಮಯಗಳಂತೆಯೇ ನೆಲೆಗೊಂಡಿರುವುವು. ಇವುಗಳ ಸೊಗಸನ್ನು ಕುರಿತ ವ್ಯಾಖ್ಯಾನಗಳಿಗೆ ಕೊರತೆಯಿಲ್ಲ. ಆದರೆ ಈ ವರ್ಣನೆಗಳು ಯಾವ ಕೂದಲನ್ನು ಚೆಲುವೆಂದು ಎಣಿಸಿದುವು, ಯಾವುದನ್ನು ಎಣಿಕೆಗೇ ತೆಗೆದುಕೊಳ್ಳಲಿಲ್ಲ ಎಂಬ ವಿಚಾರವು ವಿರಳ. ಉತ್ತರ ಕನ್ನಡದ ಶಾಲೆ ಕಾಲೇಜುಗಳಲ್ಲಿ ಕನ್ನಡ ಕಾವ್ಯವನ್ನು ಪಾಠವಾಗಿ ಓದುತ್ತಿರುವ ಸಿದ್ದಿ ತರುಣಿಯರನ್ನು ನೆನೆದಾಗ ಈ ವಿಚಾರವು ಅವಶ್ಯಕವೆಂದು ತೋರುವುದು.

ಮೊದಲು ಶಬ್ದಗಳನ್ನೇ ನೋಡಬಹುದು. ಸಂಸ್ಕೃತದ ‘ಅಳಕ’ವೆಂದರೆ ಸುರುಳಿಗೊಂಡ ಕೂದಲು, ‘ಕುಟಿಲಕುಂತಲೆ’ ಎಂಬುದು ಹೊಗಳಿಕೆಯ ಮಾತೇ ಹೊರತು ನಿಂದೆಯಲ್ಲ. ಕನ್ನಡದ ‘ಕುರುಳ್’ ಎಂಬ ದೇಶ್ಯಪದದಲ್ಲಿಯೂ ಸುರುಳಿಯ ಅರ್ಥವೇ ಅಡಗಿದೆ. ಹೀಗಿರಲು, ಗುಂಗುರುಗೂದಲು ನಮ್ಮ ಕವಿಗಳಿಗೆ ಅಪರಿಚಿತವಾಗಿರಲಿಲ್ಲ, ಅಪ್ರಿಯವೂ ಆಗಿರಲಿಲ್ಲ. ಆದರೆ ಈ ಪ್ರೀತಿಗೆ ಒಂದು ಮೇರೆಯುಂಟು. ಸುರುಳಿಗೆ ಸಂದ ಮನ್ನಣೆಯು ಹಣೆಯ ಮೇಲೆ ಆಡುವ ಮುಂಗುರುಳಿಗೆ ಮಾತ್ರ ಸಲ್ಲುವುದು. ಹಿಂದಣ ಮುಡಿಯು ನೀಳವಾಗಿ ಇಳಿದಿರಬೇಕು, ಸೋರ್ಮುಡಿಯಾಗಿರಬೇಕು, ಹೆಣೆದರೆ ಹಾವಿನಂತೆ ಬೆನ್ನ ಮೇಲೆ ಹರಿಯಬೇಕು. ಸುರುಳಿಯು ಅಲಂಕಾರವಾಗಿ ಬಂದರೆ ಸೊಗಸು. ಅದೇ ತಲೆಯ ಸಹಜ ಸ್ವಭಾವವಾದರೆ ಅದಕ್ಕೆ ಕಾವ್ಯದಲ್ಲಿ ಹೆಸರಿಲ್ಲ.

ಸಿದ್ದಿಯರ ಪೂರ್ವಿಕರು ಆಫ್ರಿಕೆಯಿಂದ ಬಂದವರು. ಪೋರ್ತುಗೀಸರ ಗೋವೆಯಲ್ಲಿ ದಾಸ್ಯಕ್ಕೆ ಸಿಲುಕಿದ್ದವರಲ್ಲಿ ಅನೇಕರು ಘಟ್ಟದ ಕಾಡುಗಳಿಗೆ ತಪ್ಪಿಸಿಕೊಂಡು ಬಂದು ಯಲ್ಲಾಪುರ, ಹಳಿಯಾಳ, ಅಂಕೋಲೆ, ಮುಂಡಗೋಡ, ಜೋಯಿಡಾ ಸೀಮೆಗಳಲ್ಲಿ ನೆಲೆಸಿದರು. ಅವರಲ್ಲಿ ಹಿಂದೂಗಳೂ ಮುಸಲ್ಮಾನರೂ ಕ್ರೈಸ್ತರೂ ಉಂಟು. ಬಹುಮಂದಿಯ ಮನೆಮಾತು ಕೊಂಕಣಿ. ಶಾಲೆಯ ಮಾತು ಕನ್ನಡ. ೨೦೦೩ರಲ್ಲಿ ಉತ್ತರ ಕನ್ನಡದ ಸಿದ್ದಿಯರು ಪರಿಶಿಷ್ಟ ಪಂಗಡಗಳ ಪಟ್ಟಿಗೆ ಸೇರಿದರು. ೨೦೨೦ರಲ್ಲಿ ಈ ಮನ್ನಣೆಯು ಬೆಳಗಾವಿ ಧಾರವಾಡಗಳವರಿಗೂ ವಿಸ್ತರಿಸಿತು. ರಾಜ್ಯಾಂಗದ ಪಟ್ಟಿಯಲ್ಲಿ ಅವರಿಗೆ ದೊರೆತ ಸ್ಥಾನವು ಸಾಹಿತ್ಯದ ಸೌಂದರ್ಯವಿಚಾರದಲ್ಲಿ ಇನ್ನೂ ದೊರೆತಿಲ್ಲ.

ಇದರ ಪರಿಣಾಮವು ನಿತ್ಯಜೀವನದಲ್ಲಿ ಕಾಣಬರುವುದು. ನಮ್ಮ ಎಷ್ಟೋ ಪ್ರೌಢಶಾಲೆಗಳಲ್ಲಿ ಹುಡುಗಿಯರು ಎಣ್ಣೆ ಹಚ್ಚಿ, ಎರಡು ಜಡೆ ಹೆಣೆದು, ರಿಬ್ಬನ್ನು ಕಟ್ಟಿಕೊಂಡು ಬರಬೇಕೆಂಬ ಕಟ್ಟಳೆಯುಂಟು. ಶಿಸ್ತಿಗಾಗಿ ಹುಟ್ಟಿದ ಈ ಕಟ್ಟಳೆಯು ನೀಳಕೇಶವನ್ನೇ ಎಲ್ಲರ ಕೂದಲೆಂದು ಭಾವಿಸಿಕೊಂಡಿದೆ. ನೆತ್ತಿಗೆ ಅಂಟಿ ಒತ್ತಾಗಿ ಸುರುಳಿಯಾಗಿ ಬೆಳೆಯುವ ಕೂದಲು ಹಾಗೆ ಇಳಿದು ಬೀಳದು. ಇದರಲ್ಲಿ ಹುಡುಗಿಯ ಅಲಕ್ಷ್ಯವಾಗಲಿ ಅಶಿಸ್ತಾಗಲಿ ಇಲ್ಲ. ಆದರೂ ಬಾಚಿಲ್ಲವೆಂಬ ಆಕ್ಷೇಪಣೆಯೂ, ಸಹಪಾಠಿಗಳ ನಗೆಯೂ, ಕೇಳದೆಯೇ ತಲೆಯನ್ನು ಮುಟ್ಟಿ ನೋಡುವ ಕುತೂಹಲವೂ ಅವಳ ಪಾಲಿಗೆ ಬರುವುವು. ಅವಳೇ ಮುಂದೆ ಓದಿಗಾಗಿ ಬೆಂಗಳೂರಿನಂತಹ ನಗರಕ್ಕೆ ಹೋದರೆ, ಯಾವ ದೇಶದಿಂದ ಬಂದೆಯೆಂದು ಜನರು ಇಂಗ್ಲಿಷಿನಲ್ಲಿ ವಿಚಾರಿಸುವುದುಂಟು. ಅವಳು ಕನ್ನಡದಲ್ಲಿ ಉತ್ತರ ಕೊಟ್ಟಾಗ ಬೆರಗಾಗುವುದೂ ಉಂಟು.

ಕವಿಸಮಯವು ಕೇವಲ ಸಮಯ, ಅದನ್ನು ಲೋಕದ ಅಳತೆಗೋಲಾಗಿ ಯಾರೂ ಹಿಡಿಯುವುದಿಲ್ಲ ಎಂದು ಕೆಲವರು ವಾದಿಸಬಹುದು. ಚಕೋರವು ಬೆಳುದಿಂಗಳನ್ನು ಕುಡಿಯುವ ವಿಷಯದಲ್ಲಿ ಈ ವಾದವು ಒಪ್ಪತಕ್ಕುದೇ. ಆದರೆ ಕೇಶದ ವಿಷಯದಲ್ಲಿ ಹಾಗಿಲ್ಲ. ನೀಳಜಡೆಯ ಆದರ್ಶವು ಕಾವ್ಯದಿಂದ ಹಾಡಿಗೆ, ಹಾಡಿನಿಂದ ಚಲಚಿತ್ರಕ್ಕೆ, ಅಲ್ಲಿಂದ ಕೇಶತೈಲದ ಜಾಹೀರಾತಿಗೆ ಇಳಿದುಬಂದು, ಕನ್ನಡಿಯ ಮುಂದೆ ನಿಂತ ಹುಡುಗಿಯನ್ನು ಇಂದಿಗೂ ಅಳೆಯುತ್ತಿದೆ.

ಅನ್ಯದೇಶಗಳ ಸಾಹಿತ್ಯವು ಈ ಅಳತೆಯನ್ನು ಬಹಳ ಹಿಂದೆಯೇ ಪ್ರಶ್ನಿಸಿದೆ. ಟೋನಿ ಮಾರಿಸನ್ನಳು ೧೯೭೦ರಲ್ಲಿ ಪ್ರಕಟಿಸಿದ ತನ್ನ ಮೊದಲ ಕಾದಂಬರಿಯಲ್ಲಿ, ನೀಲಿಯ ಕಣ್ಣುಗಳಿಗಾಗಿ ಹಂಬಲಿಸಿ ಬುದ್ಧಿಭ್ರಮಣೆಗೊಳ್ಳುವ ಕರಿಯ ಬಾಲಿಕೆಯೊಬ್ಬಳನ್ನು ಚಿತ್ರಿಸಿರುವಳು. ನೈಜೀರಿಯದ ಚಿಮಮಾಂಡ ಅಡೀಚಿಯು ೨೦೧೩ರ ‘ಅಮೆರಿಕಾನಾ’ ಕಾದಂಬರಿಯಲ್ಲಿ ನಾಯಿಕೆಯ ಆತ್ಮಪರೀಕ್ಷೆಗೆ ಕೂದಲು ಹೆಣೆಯುವ ಅಂಗಡಿಯನ್ನೇ ರಂಗವಾಗಿ ಮಾಡಿಕೊಂಡಿರುವಳು. ದಕ್ಷಿಣ ಆಫ್ರಿಕದ ಪ್ರಿಟೋರಿಯದಲ್ಲಿ ೨೦೧೬ರಲ್ಲಿ ವಿದ್ಯಾರ್ಥಿನಿಯರೇ ಶಾಲೆಯ ಕೇಶನಿಯಮಗಳನ್ನು ಪ್ರತಿಭಟಿಸಿದರು. ೨೦೧೯ರಲ್ಲಿ ಕ್ಯಾಲಿಫೋರ್ನಿಯವು ಸಹಜಕೇಶದ ಕಾರಣದಿಂದ ಭೇದವೆಣಿಸಕೂಡದೆಂದು ಶಾಸನ ಮಾಡಿತು. ಆದರೆ ಈ ನಿದರ್ಶನಗಳನ್ನು ಹಾಗೆಯೇ ಎತ್ತಿ ತಂದು ಸಿದ್ದಿ ತರುಣಿಯ ಮೇಲೆ ಹೊದಿಸುವುದು ಸರಿಯಲ್ಲ. ಆಫ್ರಿಕೆಯು ಅವಳಿಗೆ ಭಾಷೆಯಾಗಿ ಉಳಿದಿಲ್ಲ. ದಮಾಮಿಯ ಬಡಿತದಲ್ಲಿ, ಹಿರಿಯರ ಪೂಜೆಯಲ್ಲಿ, ಹಳೆಯ ಬಟ್ಟೆಯ ತುಂಡುಗಳನ್ನು ಕೂಡಿಸಿ ಹೆಂಗಸರು ಹೊಲಿಯುವ ಕೌದಿಯಲ್ಲಿ ಅವಳ ಸಂಸ್ಕೃತಿಯು ಈ ನೆಲದೊಡನೆಯೇ ಬೆರೆತಿದೆ.

ಈ ಎಚ್ಚರವು ರಂಗಭೂಮಿಗೂ ಅನ್ವಯಿಸುವುದು. ೧೯೮೦ರ ದಶಕದಲ್ಲಿ ನೀನಾಸಮ್ಮಿನವರು ಮಂಚಿಕೇರಿಯ ಸಿದ್ದಿಯರಿಂದ ಚಿನುವಾ ಅಚಿಬೆಯ ಕಾದಂಬರಿಯನ್ನು ಆಧರಿಸಿದ ನಾಟಕವನ್ನು ಆಡಿಸಿದುದು ಸ್ಮರಣೀಯವಾದ ಪ್ರಯೋಗ. ಕಾಡಿನಲ್ಲಿ ಮರೆಯಾಗಿದ್ದವರಿಗೆ ಅದು ರಂಗವನ್ನು ತೆರೆಯಿತು. ಆದರೆ ಸಿದ್ದಿ ನಟಿಯು ಆಫ್ರಿಕೆಯ ಪಾತ್ರಕ್ಕೇ ತಕ್ಕವಳೆಂಬ ಭಾವನೆಯು ಅಲ್ಲಿಗೇ ನಿಂತರೆ ಅದೂ ಒಂದು ಬೇಲಿಯಾದೀತು. ಈಗ ಗಿರಿಜಾ ಸಿದ್ದಿಯಂತಹ ಕಲಾವಿದೆಯರು ಕನ್ನಡದ ರಂಗಗಳಲ್ಲಿಯೂ, ೨೦೨೧ರ ‘ಸಲಗ’ ಚಿತ್ರದ ಹಾಡಿನಲ್ಲಿಯೂ ಕೇಳಿಬಂದಿರುವುದು ಆ ಬೇಲಿಯನ್ನು ದಾಟುವ ಸೂಚನೆಯಾಗಿದೆ.

ಹಾಗಾದರೆ ಕನ್ನಡ ಪರಂಪರೆಯಲ್ಲಿ ಈ ವಿದ್ಯಾರ್ಥಿನಿಗೆ ಆಸರೆಯಿಲ್ಲವೆ? ಉಂಟು, ಆದರೆ ಅದು ವರ್ಣನೆಯಲ್ಲಿಲ್ಲ, ಪ್ರಸಂಗದಲ್ಲಿದೆ. ಪಂಪ ರನ್ನರ ದ್ರೌಪದಿಯ ಮುಡಿಯನ್ನು ನೆನೆಯಬೇಕು. ಅಲ್ಲಿ ಕೂದಲಿನ ನೀಳವು ಮುಖ್ಯವಲ್ಲ. ಅದರ ಮೇಲೆ ಯಾರ ಕೈ ಬಿದ್ದಿತು, ಯಾರ ಅಪ್ಪಣೆಯಿಲ್ಲದೆ ಬಿದ್ದಿತು ಎಂಬುದೇ ಮುಖ್ಯ. ತಲೆಯನ್ನು ಪರರು ಎಳೆದಾಡಿದ ಅನುಭವವುಳ್ಳ ಹುಡುಗಿಗೆ ಈ ಭಾಗವು ಟೀಕೆಯ ನೆರವಿಲ್ಲದೆಯೇ ಅರ್ಥವಾಗುವುದು. ಶೂನ್ಯಸಂಪಾದನೆಯಲ್ಲಿ ಅಲ್ಲಮನು ಅಕ್ಕಮಹಾದೇವಿಯನ್ನು, ಕೂದಲನ್ನೇಕೆ ಮರೆಮಾಡಿಕೊಂಡಿರುವೆಯೆಂದು ಕೇಳುವನು. ಅದಕ್ಕೆ ಅರ್ಥ ಹೇಳುವ ಅಧಿಕಾರವು ಅಕ್ಕನದಾಗಿಯೇ ಉಳಿಯುವುದು. ಸಭೆಯು ಕೇಳಿ ತಲೆದೂಗುವುದು.

ಜೋಯಿಡಾ ತಾಲ್ಲೂಕಿನ ಉಳವಿಯು ಚೆನ್ನಬಸವಣ್ಣನ ಐಕ್ಯಸ್ಥಳವೆಂದು ಪ್ರಸಿದ್ಧವಾಗಿದೆ. ಅವನು ತನ್ನ ವಚನವೊಂದರಲ್ಲಿ ಹಿರಿಯತನವನ್ನು ವಿಚಾರಿಸುತ್ತ, ಕಾಲದ ಉದ್ದವಾಗಲಿ ತಪಸ್ಸಾಗಲಿ ನರೆತ ತಲೆಯಾಗಲಿ ಅದಕ್ಕೆ ಪ್ರಮಾಣವಲ್ಲವೆಂದು ತಳ್ಳಿಹಾಕಿ, ಅದು ಹರೆಯದ ಮಹಾದೇವಿಯಕ್ಕನಿಗೆ ಸಂದಿತೆಂದು ತೀರ್ಪುಕೊಟ್ಟಿರುವನು. ತಲೆಯನ್ನು ನೋಡಿ ಬೆಲೆಕಟ್ಟಲಾಗದೆಂಬ ಈ ವಿವೇಕವು ಸಿದ್ದಿಯರ ಸೀಮೆಯೊಳಗಣ ಕ್ಷೇತ್ರಕ್ಕೇ ಸೇರಿದ ಸಂಪತ್ತು. ಕೇಶವರ್ಣನೆಯ ಪದ್ಯಗಳನ್ನು ಪಠ್ಯದಿಂದ ತೆಗೆಯಬೇಕಾಗಿಲ್ಲ. ಅವುಗಳನ್ನು ಬೋಧಿಸುವಾಗ ಇದು ಒಂದು ಕಾಲದ, ಒಂದು ವರ್ಗದ ರುಚಿಯೆಂದು ಉಪಾಧ್ಯಾಯರು ತಿಳಿಯಹೇಳಬೇಕು. ‘ಕುರುಳ್’ ಎಂಬ ಪದಕ್ಕೆ ಅದರ ಪೂರ್ಣಾರ್ಥವನ್ನು ಮರಳಿ ಕೊಡಬೇಕು. ಇಷ್ಟಾದರೆ ತರಗತಿಯ ಸಿದ್ದಿ ಹುಡುಗಿಯು ಆ ಪದವನ್ನು ಓದುವಾಗ ತಲೆ ತಗ್ಗಿಸಬೇಕಾದ ಕಾರಣವಿರುವುದಿಲ್ಲ.