ನೀರಗುಳ್ಳೆಯ ಪದ್ಯವನ್ನು ಆಲಿಸುವ ಬಗೆ

ಸುರಪುರ, ಶಹಾಪುರ, ಯಾದಗಿರಿಗಳ ಸೀಮೆಯಲ್ಲಿ ಕಿವಿಯನ್ನು ಪಳಗಿಸಿಕೊಂಡ ರಸಿಕನಿಗೆ ನೀರಗುಳ್ಳೆಯನ್ನು ಕುರಿತ ಲಘುಪದ್ಯವು ಮೊದಲಬಾರಿಗೆ ಎದುರಾದಾಗ ಒದಗುವ ತೊಡಕು ಅವನ ಸಂಸ್ಕಾರದಿಂದಲೇ ಹುಟ್ಟಿದುದು. ವಚನಕಾರ ಜೇಡರ ದಾಸಿಮಯ್ಯನ ಮುದನೂರು, ಶರಣ ಭೋಗಣ್ಣನ ಕೆಂಭಾವಿ, ಕೃಷ್ಣೆಯ ದಡದಲ್ಲಿ ಸಂತ ಮೌನೇಶ್ವರನ ತಿಂಥಣಿ ಇವೆಲ್ಲವೂ ಇದೇ ನೆಲದಲ್ಲಿರುವಾಗ, ನೀರಗುಳ್ಳೆಯನ್ನು ಕಬ್ಬಿಣದಿಂದ ಬಿಗಿದು ಕಾಪಾಡಹೊರಟವರನ್ನು ಕುರಿತ ಬಸವಣ್ಣನವರ ವಚನವನ್ನು ಬಲ್ಲ ಮನಸ್ಸಿಗೆ, ಗುಳ್ಳೆಯೆಂದೊಡನೆ ಕಾಯದ ಅನಿತ್ಯತೆಯೇ ನೆನಪಾಗುವುದು ಸಹಜ. ಆದರೆ ಆಟದ ಪದ್ಯವು ಆ ಅರ್ಥವನ್ನು ಬೇಡುವುದಿಲ್ಲ. ಅದು ಬೇಡುವುದು ಕಿವಿಯನ್ನು.

ಆದಕಾರಣ ಮೊದಲು ಗಟ್ಟಿಯಾಗಿ ಓದಬೇಕು, ಅದೂ ತನ್ನ ಊರಿನ ಉಚ್ಚಾರಣೆಯಲ್ಲಿ. ನಿದರ್ಶನಕ್ಕೆಂದು ನಾನೇ ಹೆಣೆದ ಚೌಪದಿಯೊಂದನ್ನು ಕೊಡುತ್ತೇನೆ:

ಗುಳುಗುಳು ಗುಳ್ಳೀ, ದುಂಡನ ಗುಳ್ಳೀ,
ಬಣ್ಣದ ಅಂಗಿಯ ತೊಟ್ಟವಳು;
ಮುಟ್ಟಲು ಹೋದರೆ ಮೂಗಿನ ತುದಿಗೇ
ಮುತ್ತನು ಕೊಟ್ಟಳು, ಪಟ್!

ಇದು ನಾಲ್ಕು ಮಾತ್ರೆಯ ನಡೆ. ಮೊದಲ ಸಾಲಿನಲ್ಲಿ ತುಟಿಯೂ ನಾಲಗೆಯೂ ಗುಳ್ಳೆಯನ್ನು ಊದುತ್ತವೆ. ಮೂರನೆಯ ಸಾಲು ನಾಲ್ಕು ಗಣಗಳೂ ತುಂಬಿ ಉಬ್ಬಿ ನಿಲ್ಲುತ್ತದೆ. ಅನಂತರ ‘ತೊಟ್ಟವಳು’ ಎಂಬುದಕ್ಕೆ ಸಮನಾದ ಪ್ರಾಸವನ್ನು ಕಿವಿ ಕಾಯುತ್ತಿರುವಾಗಲೇ, ಆ ಪದದ ‘ಟ್’ ಎಂಬ ಚೂರು ಮಾತ್ರ ಕೈಗೆ ಬಂದು, ಗಣವು ಅರ್ಧಕ್ಕೆ ಒಡೆಯುತ್ತದೆ. ಒಡೆದುದು ಗುಳ್ಳೆಯಲ್ಲ, ಛಂದಸ್ಸು! ಈ ಜಾತಿಯ ಪದ್ಯದ ಪರಮ ಸುಖವಿರುವುದು ಇಲ್ಲಿಯೇ.

ಕಡೆಯ ಸಾಲು ಮೊಟಕಾಗುವುದಕ್ಕೆ ನಿಸರ್ಗದ ಒಪ್ಪಿಗೆಯೂ ಇದೆ. ಸಾಬೂನಿನ ಗುಳ್ಳೆಯ ಪೊರೆಯೊಳಗಣ ನೀರು ಭಾರದಿಂದ ಕೆಳಗಿಳಿಯುತ್ತ ನೆತ್ತಿಯನ್ನು ತೆಳುವಾಗಿಸುತ್ತದೆ. ಪೊರೆಯ ಎರಡು ಮೈಗಳಿಂದಲೂ ಮರಳಿದ ಬೆಳಕು ಕೂಡಿ ತೋರುವ ಬಣ್ಣಗಳು ಒಂದೊಂದಾಗಿ ಮಾರ್ಪಟ್ಟು, ನೆತ್ತಿಯಲ್ಲಿ ಕಪ್ಪು ಕಲೆ ಹರಡಿ, ಬಳಿಕ ಗುಳ್ಳೆ ಒಡೆಯುತ್ತದೆ. ನ್ಯೂಟನ್ ಮಹಾಶಯನು 1704ರಲ್ಲಿ ಪ್ರಕಟವಾದ ‘ಆಪ್ಟಿಕ್ಸ್’ ಗ್ರಂಥದಲ್ಲಿ ಈ ಕಲೆಯನ್ನೂ ಬಿಡದೆ ವರ್ಣಿಸಿದ್ದಾನೆ. ಬಣ್ಣವನ್ನು ಹೊಗಳಿದ ಕವಿಗಳು ಅನೇಕರು; ಬಣ್ಣ ಹೋದ ಆ ಗಳಿಗೆಯನ್ನು ಪದ್ಯದಲ್ಲಿ ಹಿಡಿದವನು ಸಿಕ್ಕರೆ ರಸಿಕನು ಅವನನ್ನು ಬಿಡಬಾರದು.

ಗುಳ್ಳೆ ಒಡೆದ ಮೇಲೂ ಪದ್ಯ ಮುಂದುವರಿದು ಬಾಳಿನ ನಶ್ವರತೆಯನ್ನು ಬೋಧಿಸತೊಡಗಿದರೆ, ಅದನ್ನು ಕೆಟ್ಟ ಪದ್ಯವೆಂದು ಹೇಳಲು ನಾನು ಹಿಂಜರಿಯೆನು. ವಚನಕಾರರ ಗುಳ್ಳೆಗೆ ಅನುಭಾವದ ಆಳವಿತ್ತು. ಅದನ್ನು ಎರವಲು ತಂದು ಮಕ್ಕಳ ಆಟಕ್ಕೆ ಅಂಟಿಸಿದರೆ ಎರಡೂ ಕೆಡುತ್ತವೆ. ಅಷ್ಟಕ್ಕೂ ಈ ಸೀಮೆಯವರಿಗೆ ಮಿತವಚನವನ್ನು ಹೊರಗಿನಿಂದ ಯಾರೂ ಕಲಿಸಬೇಕಾಗಿಲ್ಲ. ನಾಲ್ಕಾರು ಪಂಕ್ತಿಗಳಲ್ಲಿ ಹೇಳಬೇಕಾದುದನ್ನು ಹೇಳಿ ನಿಲ್ಲಿಸಿಬಿಡುವ ದಾಸಿಮಯ್ಯನನ್ನು ಮೆಚ್ಚಿದವನು, ಲಘುಪದ್ಯಕ್ಕೆ ಬೇಕಾದ ಮುಖ್ಯ ಗುಣವನ್ನು ಆಗಲೇ ಪಡೆದಿದ್ದಾನೆ.

ಕಿವಿಯನ್ನು ಹದಗೊಳಿಸಲು ಪಂಜೆ ಮಂಗೇಶರಾಯರ ಮತ್ತು ರಾಜರತ್ನಂ ಅವರ ಶಿಶುಗೀತಗಳನ್ನೂ, ದಿನಕರ ದೇಸಾಯಿಯವರ ಚೌಪದಿಗಳನ್ನೂ, ಕೊಪ್ಪಳ ಸೀಮೆಯ ಸಿದ್ದಯ್ಯ ಪುರಾಣಿಕರ ಮಕ್ಕಳ ಪದ್ಯಗಳನ್ನೂ ಓದಬೇಕು. ಮೌನವಾಗಿ ಅಲ್ಲ, ಮಕ್ಕಳ ಎದುರಿಗೆ. ಅರ್ಥ ವಿವರಿಸದೆಯೇ ಅವರು ಕಡೆಯ ಗಣವನ್ನು ತಾವಾಗಿ ಕೂಗಿದರೆ ಆ ಪದ್ಯವನ್ನು ಕಂಠಸ್ಥ ಮಾಡಿಕೊಳ್ಳಿ. ಕೂಗದಿದ್ದರೆ ಪುಟ ತಿರುವಿ.